ವಸ್ತುಸಂಗ್ರಹಾಲಯ ಮಗ್ಗದ ಓಣಿಗೆ ಬರಲಿ

ಹಲಗಲಿಯ ಬೇಡರ ಲಾವಣಿಯನ್ನು ಕೇಳದವರು ನಮ್ಮ ಭಾಗದಲ್ಲಿ ಕಡಿಮೆ. ಜಾತ್ರೆಯಲ್ಲಿ ಕೇಳಿದವರಿದ್ದಾರೆ, ಗೀಗೀ ಮೇಳದವರ ಡಪ್ಪು-ತುಂತುಣಿಯ ಸಂಗಡ ರಾತ್ರಿಯೆಲ್ಲ ಕುಳಿತು ಕೇಳಿದವರಿದ್ದಾರೆ, ಹತ್ತನೆಯ ಇಯತ್ತೆಯ ಕನ್ನಡ ಪುಸ್ತಕದಲ್ಲಿ ಓದಿ, ಬಾಯಿಪಾಠ ಮಾಡಿ, ಪರೀಕ್ಷೆ ಬರೆದ ಮಕ್ಕಳಂತೂ ಓಣಿ ಓಣಿಗೆ ಇದ್ದಾರೆ. ಬನಹಟ್ಟಿಯಲ್ಲಿ ಅಂಥ ಒಬ್ಬ ಹುಡುಗನನ್ನು ನಾವು, ‘ಹಲಗಲಿ ಎಲ್ಲೈತಪಾ?’ ಎಂದು ಕೇಳಿದೆವು. ಅವನು ಕಂಡಿಕೆ ಸುತ್ತುವ ಕೈಯನ್ನು ನಿಲ್ಲಿಸದೆ, ‘ಪುಸ್ತಕದಾಗ ಐತ್ರಿ’ ಎಂದನು.

ಹುಡುಗನನ್ನು ನಗುವಂತಿಲ್ಲ. ಮುಧೋಳ ತಾಲೂಕಿನ ಹಲಗಲಿ ಅವನ ಮನೆಯಿಂದ ಕೆಲವು ಹರದಾರಿಗಳಷ್ಟೇ ದೂರ. ಆದರೆ ಅವನ ಪಾಲಿಗೆ ಅದು ಪುಸ್ತಕದೊಳಗಿನ ಊರಾಗಿ ಉಳಿದಿದ್ದರೆ ಆ ತಪ್ಪು ಅವನದಲ್ಲ. ಇತಿಹಾಸವನ್ನು ಒಂದು ಕಡೆ ಪುಸ್ತಕದಲ್ಲಿ ಮುಚ್ಚಿ, ಇನ್ನೊಂದು ಕಡೆ ಗಾಜಿನ ಪೆಟ್ಟಿಗೆಯಲ್ಲಿ ಕೂಡಿಟ್ಟು, ದುಡಿಯುವವನ ಮನೆಗೂ ಅದಕ್ಕೂ ನಡುವೆ ಹಾದಿಯೇ ಇಲ್ಲದಂತೆ ಮಾಡಿದವರದು. ಆ ಹಾದಿಯ ವಿಷಯವಾಗಿಯೇ ಈ ವಾರ ನಾಲ್ಕು ಮಾತು ಬರೆಯಬೇಕೆಂದಿದ್ದೇವೆ.

ನೂಲಿನ ದರ, ವಿದ್ಯುತ್ತಿನ ಬಿಲ್ಲು, ಕಬ್ಬಿನ ಬಾಕಿ ಇವನ್ನೆಲ್ಲ ಬಿಟ್ಟು ವಸ್ತುಸಂಗ್ರಹಾಲಯದ ಮಾತೇಕೆ ಎಂದು ಕೆಲವು ವಾಚಕರು ಕೇಳಬಹುದು. ಅವರಿಗೆ ಉತ್ತರವನ್ನು ಕೊನೆಯಲ್ಲಿ ಕೊಡುತ್ತೇವೆ. ಅಲ್ಲಿಯವರೆಗೆ ಸ್ವಲ್ಪ ತಾಳ್ಮೆಯಿಂದ ಓದಬೇಕೆಂದು ಬಿನ್ನಹ.

ಮುಟ್ಟಬೇಡ, ಮುಂದೆ ನಡೆ!

ಬ್ರಿಟಿಶರ ಆಳಿಕೆಯ ಕಾಲವನ್ನು ನೆನಪಿಸುವ ಸ್ಥಳ ಎಂದೊಡನೆ ನಮ್ಮ ಜನರ ಮನಸ್ಸಿಗೆ ಬರುವುದು ಕಿತ್ತೂರು. 1824ರ ಅಕ್ಟೋಬರ 23ರಂದು ಧಾರವಾಡದ ಕಲೆಕ್ಟರ್ ಥ್ಯಾಕರೆ ಆ ಕೋಟೆಯ ಮುಂದೆ ಬಿದ್ದನು. ರಾಣಿ ಚೆನ್ನಮ್ಮ 1829ರಲ್ಲಿ ಬೈಲಹೊಂಗಲದ ಸೆರೆಯಲ್ಲಿ ತೀರಿಕೊಂಡಳು. 1831ರಲ್ಲಿ ಸಂಗೊಳ್ಳಿ ರಾಯಣ್ಣನನ್ನು ನಂದಗಡದಲ್ಲಿ ಗಲ್ಲಿಗೇರಿಸಿದರು. ಕಿತ್ತೂರ ಕೋಟೆಯ ಆವರಣದಲ್ಲಿ ಸರಕಾರದ ವಸ್ತುಸಂಗ್ರಹಾಲಯವಿದೆ, ಆಯುಧಗಳಿವೆ, ಶಿಲ್ಪಗಳಿವೆ. ಅಕ್ಟೋಬರದಲ್ಲಿ ಉತ್ಸವವೂ ನಡೆಯುತ್ತದೆ. ಇದೆಲ್ಲ ನಾಡಿಗೆ ಹೆಮ್ಮೆಯ ವಿಷಯವೇ ಸರಿ.

ಆದರೆ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ದುಡಿಯುವವನಿಗೆ ಕಿತ್ತೂರು ಒಂದು ದಿನದ ದುಡಿಮೆ ಕಳೆದುಕೊಂಡು ಹೋಗಿ ಬರಬೇಕಾದ ಊರು. ಮಗ್ಗ ನಿಂತರೆ ಕೂಲಿ ನಿಂತಿತು. ಅಂಗಡಿಯ ಬಾಗಿಲು ಹಾಕಿದರೆ ಗಿರಾಕಿ ಪಕ್ಕದ ಅಂಗಡಿಗೆ ಹೋದನು. ಹೀಗಾಗಿ ನಮ್ಮ ಮಕ್ಕಳು ವಸ್ತುಸಂಗ್ರಹಾಲಯವನ್ನು ನೋಡುವುದಾದರೆ ಶಾಲೆಯ ಪ್ರವಾಸದಲ್ಲಿ ಒಂದೇ ಸಲ.

ಆ ಒಂದು ಸಲ ಹೇಗಿರುತ್ತದೆ ಎಂಬುದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಕೆಲವು ವರ್ಷಗಳ ಹಿಂದೆ ನೇಕಾರರ ಮಕ್ಕಳ ಒಂದು ಗುಂಪಿನೊಡನೆ ನಾವೂ ಒಂದು ವಸ್ತುಸಂಗ್ರಹಾಲಯಕ್ಕೆ ಹೋಗಿದ್ದೆವು. ಅದರ ಹೆಸರು ಇಲ್ಲಿ ಮುಖ್ಯವಲ್ಲ. ಬಸ್ಸು ನಿಂತಿತು. ಮಕ್ಕಳನ್ನು ಸಾಲಾಗಿ ನಿಲ್ಲಿಸಿದರು. ಬಾಗಿಲಲ್ಲಿದ್ದ ಸಿಪಾಯಿ, ‘ಮುಟ್ಟಬೇಡ, ಮುಂದೆ ನಡೆ’ ಎಂದನು. ಮುಂದಿನ ಕೋಣೆಯಲ್ಲಿ ಇನ್ನೊಬ್ಬನೂ ಅದನ್ನೇ ಎಂದನು. ಒಂದು ಪೆಟ್ಟಿಗೆಯಲ್ಲಿ ಖಡ್ಗವಿತ್ತು. ಅದರ ಕೆಳಗಿನ ಚೀಟಿಯಲ್ಲಿ ‘ಖಡ್ಗ’ ಎಂದು ಬರೆದಿತ್ತು. ಯಾರ ಖಡ್ಗ, ಯಾರ ಮೇಲೆ ಎತ್ತಿದ್ದು, ಎತ್ತಿದವನ ಗತಿ ಏನಾಯಿತು, ಒಂದು ಮಾತೂ ಇರಲಿಲ್ಲ. ಅರ್ಧ ಗಂಟೆಯಲ್ಲಿ ನೋಡಿ ಮುಗಿಯಿತು. ಮರಳುವಾಗ ಒಬ್ಬ ಹುಡುಗಿ, ‘ಅಲ್ಲಿ ಮಗ್ಗ ಯಾಕ ಇಟ್ಟಿಲ್ರಿ?’ ಎಂದು ಕೇಳಿದಳು. ಆ ದಿನ ಆಡಿದ ಮಾತುಗಳಲ್ಲೆಲ್ಲ ಅದೊಂದೇ ಬುದ್ಧಿವಂತಿಕೆಯ ಮಾತಾಗಿತ್ತು. ನಮ್ಮಲ್ಲಿ ಅದಕ್ಕೆ ಉತ್ತರವಿರಲಿಲ್ಲ.

ಹದಿನೆಂಟು ಸಂಪುಟಗಳ ಅಂಗಡಿ

ಅಲ್ಲಿ ಮಗ್ಗವನ್ನೇಕೆ ಇಟ್ಟಿಲ್ಲ? ಈ ಪ್ರಶ್ನೆಯನ್ನು ಹಿಡಿದು ಹೊರಟರೆ ನಮ್ಮ ನೇಕಾರ ಬಂಧುಗಳು ತಿಳಿಯಲೇಬೇಕಾದ ಒಂದು ಸಂಗತಿಗೆ ಬಂದು ಮುಟ್ಟುತ್ತೇವೆ.

ವಸ್ತುಸಂಗ್ರಹಾಲಯವೆಂಬುದು ಬರಿಯ ನೋಟದ ಮನೆಯಲ್ಲವೆಂದು ಬ್ರಿಟಿಶರು ನಮಗಿಂತ ಚೆನ್ನಾಗಿ ಅರಿತಿದ್ದರು. ಲಂಡನ್ನಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯು ಕಟ್ಟಿದ ಇಂಡಿಯಾ ಮ್ಯೂಜಿಯಂ ಎಂಬುದೊಂದಿತ್ತು. ಅಲ್ಲಿ ಅಧಿಕಾರಿಯಾಗಿದ್ದ ಜಾನ್ ಫೋರ್ಬ್ಸ್ ವಾಟ್ಸನ್ ಎಂಬವನು 1866ರಲ್ಲಿ ಹಿಂದುಸ್ತಾನದ ಬಟ್ಟೆಗಳ ಮಾದರಿಗಳನ್ನು ಹದಿನೆಂಟು ಸಂಪುಟಗಳಲ್ಲಿ ಹೊರಗೆ ತಂದನು. ಸೀರೆ, ಧೋತರ, ರುಮಾಲು, ಲುಂಗಿ ಎಲ್ಲವನ್ನೂ ಕತ್ತರಿಸಿ, 700 ತುಂಡುಗಳನ್ನು ಹಾಳೆಗಳ ಮೇಲೆ ಅಂಟಿಸಿದರು. ತುಂಡಿನ ಸಂಗಡ ಉದ್ದ, ಅಗಲ, ತೂಕ, ಬೆಲೆ, ಎಲ್ಲಿಯದು ಎಂಬ ವಿವರ. ಇಂಥ 20 ಪ್ರತಿಗಳನ್ನು ಮಾಡಿ 13ನ್ನು ಬ್ರಿಟನ್ನಿನಲ್ಲಿ ಹಂಚಿದರು, 7ನ್ನು ಹಿಂದುಸ್ತಾನಕ್ಕೆ ಕಳಿಸಿದರು. ಒಂದೊಂದು ಪ್ರತಿಯೂ ಒಂದೊಂದು ಸಂಚಾರಿ ವಸ್ತುಸಂಗ್ರಹಾಲಯವೆಂದೇ ಆತನ ಎಣಿಕೆ.

ಉದ್ದೇಶವೇನು? ನಮ್ಮ ನೇಕಾರನ ಕೈಗುಣವನ್ನು ಹೊಗಳುವುದೇ? ಅಲ್ಲ. ಇಲ್ಲಿಯ ಹೆಣ್ಣುಮಗಳು ಎಂಥ ಸೆರಗು ಬಯಸುತ್ತಾಳೆ, ಒಕ್ಕಲಿಗ ಎಷ್ಟು ಮೊಳದ ಧೋತರ ಉಡುತ್ತಾನೆ, ಯಾವ ಬಣ್ಣಕ್ಕೆ ಎಷ್ಟು ಹಣ ಕೊಡುತ್ತಾನೆ ಎಂಬುದನ್ನು ಮ್ಯಾಂಚೆಸ್ಟರಿನ ಗಿರಣಿ ಮಾಲಕ ಸಮುದ್ರ ದಾಟದೆ ತಿಳಿದು, ಅದರಂತೆಯೇ ನೇಯಿಸಿ, ಇಲ್ಲಿಯ ಪೇಟೆಗೆ ತಂದು ಸುರಿಯಲಿ ಎಂಬುದೇ ಉದ್ದೇಶ. ಇದನ್ನು ಅವರು ಮುಚ್ಚಿಡಲೂ ಇಲ್ಲ. ವಾಚಕರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಲಂಡನ್ನಿನ ವಸ್ತುಸಂಗ್ರಹಾಲಯ ಮ್ಯಾಂಚೆಸ್ಟರಿನ ಮಾಲಕನ ಬಾಗಿಲಿಗೆ ತಾನಾಗಿ ಹೋಯಿತು. ಪುಸ್ತಕವಾಗಿ, ಮಾದರಿಯಾಗಿ, ಬೆಲೆಪಟ್ಟಿಯಾಗಿ ಹೋಯಿತು. ಮಾಲಕನ ಮನೆಗೆ ನಡೆದು ಹೋಗುವ ಕಾಲು ಅದಕ್ಕೆ 1866ರಲ್ಲಿಯೇ ಇತ್ತು. ಸ್ವತಂತ್ರ ದೇಶದ ವಸ್ತುಸಂಗ್ರಹಾಲಯಕ್ಕೆ ನೇಕಾರನ ಮನೆಗೆ ನಡೆದು ಬರುವ ಕಾಲು ಇನ್ನೂ ಬಂದಿಲ್ಲವೆಂದರೆ ಏನೆನ್ನಬೇಕು?

ಮುಂದಿನ ಕಥೆಯೂ ಇದಕ್ಕೆ ಹೊಂದಿದ್ದೇ. ಮುಂಬಯಿಯಲ್ಲಿ ನಮ್ಮವರೇ ಗಿರಣಿ ಕಟ್ಟಿ ನೂಲು ತೆಗೆಯತೊಡಗಿದಾಗ ಲ್ಯಾಂಕಶಾಯರಿನ ಮಾಲಕರಿಗೆ ಹೊಟ್ಟೆ ಉರಿಯಿತು. 1881ರ ಮೊದಲನೆಯ ಕಾರಖಾನೆ ಕಾಯಿದೆಯು ಏಳು ವರ್ಷದೊಳಗಿನ ಕೂಸುಗಳನ್ನು ಗಿರಣಿಗೆ ಹಚ್ಚಬಾರದೆಂದಿತು. ಏಳರಿಂದ ಹನ್ನೆರಡು ವರ್ಷದವರಿಗೆ ದಿನಕ್ಕೆ ಒಂಬತ್ತು ಗಂಟೆಯ ದುಡಿಮೆ ಸಾಕೆಂದಿತು! ಅದರಲ್ಲಿ ಕೂಸುಗಳ ಮೇಲಿನ ದಯೆ ಎಷ್ಟು, ಪೈಪೋಟಿಯ ಹೊಟ್ಟೆಕಿಚ್ಚು ಎಷ್ಟು ಎಂಬುದನ್ನು ವಾಚಕರೇ ತೂಗಿ ನೋಡಲಿ. 1896ರಲ್ಲಿ ಹೊರಗಿನಿಂದ ಬರುವ ಬಟ್ಟೆಯ ಮೇಲೆ ಶೇಕಡಾ 3½ ಸುಂಕವಿಟ್ಟಾಗ, ಮ್ಯಾಂಚೆಸ್ಟರಿಗೆ ನೋವಾಗದಿರಲೆಂದು ನಮ್ಮ ಗಿರಣಿಗಳ ಬಟ್ಟೆಯ ಮೇಲೂ ಅಷ್ಟೇ ಸುಂಕ ಹೇರಿದರು. ಅದು 1925ರ ಕೊನೆಯವರೆಗೆ ನಡೆಯಿತು. ಆ ವರುಷ ಮುಂಬಯಿಯ ಮಾಲಕರು ಮಜೂರರ ಪಗಾರದಲ್ಲಿ ಶೇಕಡಾ 11½ರಷ್ಟು ಕಡಿತ ಮಾಡಲು ಹೊರಟರು. ಮಜೂರರು ತಿಂಗಳುಗಟ್ಟಲೆ ಹರತಾಳ ಹೂಡಿದರು. ಡಿಸೆಂಬರದಲ್ಲಿ ಸರಕಾರ ಸುಂಕವನ್ನು ನಿಲ್ಲಿಸಿತು, ಪಗಾರದ ಕಡಿತವೂ ಹಿಂದಕ್ಕೆ ಹೋಯಿತು. ದೇಶದ ಉದ್ಯಮವೊಂದರ ಕೊರಳಿಗೆ ಕಟ್ಟಿದ್ದ ಕಲ್ಲನ್ನು ಬಿಚ್ಚಿಸಿದವರಲ್ಲಿ ಬರಿಹೊಟ್ಟೆಯ ಮಜೂರರೂ ಇದ್ದರು. ಗಿರಣಿಯಲ್ಲಿ ದುಡಿಯುವ ನಮ್ಮ ಎಷ್ಟು ಜನಕ್ಕೆ ಇದು ಗೊತ್ತು? ಯಾವ ಗಾಜಿನ ಪೆಟ್ಟಿಗೆ ಇದನ್ನು ಹೇಳುತ್ತದೆ?

ನಾಲ್ಕು ಊರು, ಮೂರು ಸಂಸ್ಥಾನ, ಒಬ್ಬನೇ ದೊರೆ

ಇನ್ನು ನಮ್ಮ ಊರುಗಳ ಮಾತಿಗೆ ಬರೋಣ. ಬ್ರಿಟಿಶರ ಆಳಿಕೆಯನ್ನು ಕಲಿಯುವುದಕ್ಕೆ ನಮ್ಮ ಭಾಗದಷ್ಟು ಅನುಕೂಲವಾದ ಪಾಠಶಾಲೆ ಬೇರೆ ಕಡೆ ಸಿಕ್ಕುವುದು ಅಪರೂಪ. ಜಮಖಂಡಿಯಲ್ಲಿ ಪಟವರ್ಧನರು, ಮುಧೋಳದಲ್ಲಿ ಘೋರ್ಪಡೆಯವರು. ಇಂದು ಹೆಸರಿನಲ್ಲಿಯೇ ಒಂದಾಗಿರುವ ರಬಕವಿ-ಬನಹಟ್ಟಿಗಳಲ್ಲಿ ರಬಕವಿ ಸಾಂಗಲಿ ಸಂಸ್ಥಾನಕ್ಕೆ ಸೇರಿತ್ತು, ಬನಹಟ್ಟಿ ಜಮಖಂಡಿ ಸಂಸ್ಥಾನಕ್ಕೆ. ಬೀಳಗಿಯೋ, ನೇರವಾಗಿ ಬ್ರಿಟಿಶ್ ಸರಕಾರದ ಕಲಾದಗಿ ಜಿಲ್ಲೆಗೆ. ಒಂದು ದಿನದ ನಡಿಗೆಯಲ್ಲಿ ಇಷ್ಟು ಸರಕಾರಗಳು! ನೂಲಿನ ಹೊರೆ ಹೊತ್ತ ಚಿಕ್ಕ ವ್ಯಾಪಾರಿ ಒಂದು ವಾರದ ಸಂತೆಗಳನ್ನು ಮುಗಿಸುವಷ್ಟರಲ್ಲಿ ಎಷ್ಟು ಗಡಿಗಳನ್ನು ದಾಟಬೇಕಾಗಿತ್ತು ಎಂಬುದನ್ನು ಮಕ್ಕಳಿಂದ ನಕಾಶೆಯ ಮೇಲೆ ಗೆರೆ ಎಳೆಸಿ ನೋಡಿದರೆ, ಹತ್ತು ಭಾಷಣಗಳಿಂದ ತಿಳಿಯದ್ದು ಒಂದು ಗಳಿಗೆಯಲ್ಲಿ ತಿಳಿಯುತ್ತದೆ.

ಗಾದಿಗಳು ಹಲವಾದರೂ ಎಲ್ಲರ ಮೇಲಿನ ದೊರೆ ಒಬ್ಬನೇ ಎಂಬುದನ್ನು ತೋರಿಸಿಕೊಟ್ಟದ್ದು ಹಲಗಲಿ. 1857ರಲ್ಲಿ ಉತ್ತರದಲ್ಲಿ ದಂಗೆಯೆದ್ದಾಗ, ಅನುಮತಿ ಇಲ್ಲದೆ ಯಾರೂ ಆಯುಧ ಇಟ್ಟುಕೊಳ್ಳಕೂಡದೆಂದು ಕಂಪನಿ ಸರಕಾರ ಕಾಯಿದೆ ಮಾಡಿತು. ಹಲಗಲಿ ಮುಧೋಳ ಸಂಸ್ಥಾನದ ಹಳ್ಳಿ. ಅಲ್ಲಿಯ ಬೇಡರಿಗೆ ಆಯುಧವೆಂದರೆ ಹೊಟ್ಟೆಪಾಡು ಮತ್ತು ಮಾನ ಎರಡೂ ಆಗಿತ್ತು. ಕೊಡುವುದಿಲ್ಲವೆಂದರು. ಜಡಗ, ಬಾಲ, ಹನುಮ, ರಾಮ ಈ ಹೆಸರುಗಳನ್ನು ಲಾವಣಿಯು ನಮ್ಮ ತನಕ ಹೊತ್ತು ತಂದಿದೆ. ನವೆಂಬರದ ಕೊನೆಗೆ ದಂಡು ಬಂದು ಊರನ್ನು ಸುತ್ತಿತು. ಕೊಂದಿತು, ಊರಿಗೆ ಬೆಂಕಿ ಹಚ್ಚಿತು. ಸೆರೆಸಿಕ್ಕವರಲ್ಲಿ ಹಲವರನ್ನು ಡಿಸೆಂಬರದಲ್ಲಿ ಮುಧೋಳದಲ್ಲಿಯೂ ಹಲಗಲಿಯಲ್ಲಿಯೂ ನಾಲ್ಕು ಜನ ನೋಡುವಂತೆ ಗಲ್ಲಿಗೆ ಹಾಕಿದರು. ತನ್ನ ಪ್ರಜೆಗಳನ್ನು ಕಾಯುವ ಶಕ್ತಿ ಸಂಸ್ಥಾನಕ್ಕಿರಲಿಲ್ಲ.

ಇದೆಲ್ಲ ನಮಗೆ ಉಳಿದು ಬಂದದ್ದು ಹೇಗೆ? ಬಡವರ ಬಾಯಿಂದ. ಜನ ಅದನ್ನು ಹಾಡಿಟ್ಟರು. ವಿನೋದವೆಂದರೆ, ಇಂಥ ಲಾವಣಿಗಳನ್ನು ಬರೆದುಕೊಂಡು ಇಂಗ್ರೇಜಿ ಭಾಷಾಂತರದೊಡನೆ ‘ಇಂಡಿಯನ್ ಆಂಟಿಕ್ವರಿ’ ಎಂಬ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದವನು ಬ್ರಿಟಿಶ್ ಸರಕಾರದ ಅಧಿಕಾರಿಯೇ ಆಗಿದ್ದ ಫ್ಲೀಟ್. ಅವನ ಶ್ರಮವನ್ನು ನಾವು ಮರೆಯುವುದಿಲ್ಲ. ಆದರೆ ಆಯುಧವನ್ನು ಕಸಿದುಕೊಂಡ ಸರಕಾರದ ಅಧಿಕಾರಿಗೆ ಅದರ ಹಾಡನ್ನು ಕೂಡಿಡಬೇಕೆಂಬ ಎಚ್ಚರವಿದ್ದಿತು. ಹಾಡಿದವರ ಮೊಮ್ಮಕ್ಕಳ ಸರಕಾರಕ್ಕೆ ಆ ಹಾಡಿಗೊಂದು ಮನೆ ಕಟ್ಟುವ ಎಚ್ಚರ ಎಷ್ಟಿದೆ ಎಂದು ಕೇಳುವ ಹಕ್ಕು ನಮಗುಂಟು.

ಖಡ್ಗದ ಕಥೆಯನ್ನೂ ಮಗ್ಗದ ಕಥೆಯನ್ನೂ ಬೇರೆ ಬೇರೆ ಇಡಬಾರದೆಂಬುದೇ ನಮ್ಮ ಮುಖ್ಯ ಮಾತು. 1857ರಲ್ಲಿ ಹಲಗಲಿಯ ಕೈಯೊಳಗಿನ ಆಯುಧ ಹೋಯಿತು. 1866ರಲ್ಲಿ ನೇಕಾರನ ಬಟ್ಟೆಯ ಮಾದರಿ ಲಂಡನ್ನಿನಿಂದ ಮ್ಯಾಂಚೆಸ್ಟರಿಗೆ ಹೋಯಿತು. ನಡುವಿನ ವರ್ಷಗಳಲ್ಲಿ, 1861ರಿಂದ 1865ರ ತನಕ, ಅಮೇರಿಕೆಯಲ್ಲಿ ಒಳಜಗಳ ನಡೆದು ಅಲ್ಲಿಯ ಹತ್ತಿ ಬಾರದಾದಾಗ ಧಾರವಾಡದ ಕಡೆಯ ಹತ್ತಿಗೂ ಬಂಗಾರದ ಬೆಲೆ ಬಂದಿತು, ಜಗಳ ಮುಗಿದೊಡನೆ ಕುಸಿಯಿತು. ಮುಂದೆ ಹತ್ತು ವರ್ಷಕ್ಕೆ 1876-78ರ ಘೋರ ಬರ. ಕಲಾದಗಿ ಜಿಲ್ಲೆಯ ಹಳ್ಳಿಗಳು ಬರಿದಾದವು. ದೇಶದಿಂದ ಧಾನ್ಯ ಮಾತ್ರ ಹೊರಗೆ ಸಾಗುತ್ತಲೇ ಇತ್ತು. ಮೊದಲು ಆಯುಧ, ಆಮೇಲೆ ಪೇಟೆ, ಕೊನೆಗೆ ಕಾಳು. ಪರರಾಜ್ಯವೆಂದರೆ ಏನೆಂಬುದು ಈ ಸಾಲಿನಲ್ಲಿದೆ. ಖಡ್ಗವೊಂದನ್ನೇ ತೋರಿಸಿ ಕಳಿಸಿದರೆ ಮಗುವಿಗೆ ಶೂರತನದ ಕಥೆ ದಕ್ಕುತ್ತದೆ, ಲೆಕ್ಕ ದಕ್ಕುವುದಿಲ್ಲ. ಲೆಕ್ಕ ಅರಿಯದ ಮಗು ನಾಳೆ ಇನ್ನೊಬ್ಬ ಮಾಲಕನ ಕೈಗೆ ಸಿಕ್ಕಾಗಲೂ ಜೈಕಾರ ಹಾಕುತ್ತಲೇ ನಿಲ್ಲುತ್ತದೆ.

ನಾವು ಕೇಳುವುದೇನು?

ಟೀಕೆ ಮಾಡಿ ಕೈತೊಳೆದುಕೊಳ್ಳುವುದು ನಮ್ಮ ಪದ್ಧತಿಯಲ್ಲ. ಆದ್ದರಿಂದ ನಮ್ಮ ಬೇಡಿಕೆಗಳನ್ನು ಸ್ಪಷ್ಟವಾಗಿ ಮುಂದಿಡುತ್ತೇವೆ.

ಮೊದಲನೆಯದು, ಹಲಗಲಿಯಲ್ಲಿ ಪುತ್ಥಳಿಗಳು ನಿಲ್ಲಲಿ, ಬೇಡವೆನ್ನುವುದಿಲ್ಲ. ಆದರೆ ಕಲ್ಲಿನ ಮೂರ್ತಿಗೆ ವರುಷಕ್ಕೊಂದು ಹಾರ ಹಾಕಿದರೆ ಆಯಿತೆಂದು ತಿಳಿಯಬಾರದು. ಅದರ ಪಕ್ಕದಲ್ಲಿ ಕಲಿಸುವ ಮನೆಯೊಂದು ಬೇಕು. ಅಲ್ಲಿ 1857ರ ಕಾಯಿದೆಯ ಕನ್ನಡ ಪ್ರತಿ, ಲಾವಣಿಯ ಬೇರೆ ಬೇರೆ ಪಾಠಗಳು, ಊರಿನ ನಕಾಶೆ ಇರಬೇಕು. ಬಂದವರಿಗೆ ಬಾಯಿ ತೆರೆದು ಹೇಳುವ ಮನುಷ್ಯನಿರಬೇಕು. ಆ ಕೆಲಸಕ್ಕೆ ಊರವರನ್ನೇ ತರಬೇತುಗೊಳಿಸಿ ಪಗಾರ ಕೊಡಬೇಕು.

ಎರಡನೆಯದು, ಬನಹಟ್ಟಿಯಲ್ಲಿಯಾಗಲಿ ರಬಕವಿಯಲ್ಲಿಯಾಗಲಿ ಮಗ್ಗದ ಕೋಣೆಯೊಂದು ಬೇಕು. ನೆಲದ ಕುಣಿಯಲ್ಲಿ ಕಾಲಿಳಿಬಿಟ್ಟು ನೇಯುವ ಹಳೆಯ ಮಗ್ಗದಿಂದ ಹಿಡಿದು ಇಂದಿನ ಪಾವರ್‌ಲೂಮಿನವರೆಗೆ, ಲಾಳಿ, ಕಂಡಿಕೆ, ರಾಟಿ ಎಲ್ಲವೂ ಇರಲಿ. ಮುಟ್ಟಬೇಡ ಎಂಬ ಫಲಕ ಅಲ್ಲಿ ಬೇಡ. ಮಗ್ಗವನ್ನು ಮುಟ್ಟದೆ ತಿಳಿಯುವುದು ಹೇಗೆ? ವಾಟ್ಸನ್ನನ ಸಂಪುಟಗಳ ಹಾಳೆಗಳ ಚಿತ್ರಗಳನ್ನು ತರಿಸಿ ಅದೇ ಗೋಡೆಗೆ ಹಚ್ಚಬೇಕು.

ಮೂರನೆಯದು, ವೇಳೆ. ಕಚೇರಿಯ ವೇಳೆಯೆಂದರೆ ದುಡಿಯುವವನ ದುಡಿಮೆಯ ವೇಳೆ. ಅವನು ಬಿಡುವಾಗುವಷ್ಟರಲ್ಲಿ ಇವರು ಬೀಗ ಹಾಕಿರುತ್ತಾರೆ. ವಾರದಲ್ಲಿ ಎರಡು ದಿನವಾದರೂ ರಾತ್ರಿ ಒಂಬತ್ತರ ತನಕ, ಸಂತೆಯ ದಿನ ತಪ್ಪದೆ, ಬಾಗಿಲು ತೆರೆದಿರಲಿ. 1977ರಿಂದ ಮೇ 18ನ್ನು ವಸ್ತುಸಂಗ್ರಹಾಲಯಗಳ ಅಂತರರಾಷ್ಟ್ರೀಯ ದಿನವೆಂದು ಆಚರಿಸುತ್ತ ಬಂದಿದ್ದಾರೆ. ನಮ್ಮ ಕಡೆ ಅದು ಬೇಸಿಗೆಯ ಸೂಟಿಯ ಕಾಲ. ಶಾಲೆಯ ಮೂಲಕವೇ ಮಕ್ಕಳನ್ನು ಕರೆಯುವುದಾದರೆ ಆ ದಿನ ಬರುವವರಾರು? ನಮ್ಮ ಮಕ್ಕಳು ಆಗ ಮನೆಯಲ್ಲಿ ಕಂಡಿಕೆ ಸುತ್ತುತ್ತಿರುತ್ತಾರೆ. ಅವರನ್ನು ಕಾಣಬೇಕಾದರೆ ಓಣಿಗೇ ಬರಬೇಕು.

ನಾಲ್ಕನೆಯದು ಅದೇ, ಓಣಿಗೆ ಬರುವುದು. ಒಂದು ಮೋಟಾರು ಗಾಡಿ, ನಾಲ್ಕು ಗಟ್ಟಿ ಪೆಟ್ಟಿಗೆ, ಒಬ್ಬ ಮಾತುಬಲ್ಲ ಶಿಕ್ಷಕ, ಒಂದು ಲಾವಣಿ ಮೇಳ ಸಾಕು. ಮೂಲ ವಸ್ತುಗಳನ್ನು ತರುವುದು ಬೇಡ; ನಕಲು ಸಾಕು. ಬೀಳಗಿಯ ಸಂತೆಯಲ್ಲಿ, ಮುಧೋಳದ ಸಕ್ಕರೆ ಕಾರಖಾನೆಯ ಬಾಗಿಲಲ್ಲಿ, ಜಮಖಂಡಿಯ ಪೇಟೆಯಲ್ಲಿ ಪೆಟ್ಟಿಗೆ ಬಿಚ್ಚಲಿ. ಲಾವಣಿಕಾರರಿಗೆ ಶಾಲು ಹೊದಿಸಿ ಕಳಿಸುವುದು ಸಾಲದು. ಹಾಡಿದ ದಿನದ ಕೂಲಿಯನ್ನು ಶಿಕ್ಷಕನಿಗೆ ಕೊಡುವಂತೆಯೇ ಕೊಡಬೇಕು. ಏಕೆಂದರೆ ಅವರೂ ಶಿಕ್ಷಕರೇ.

ಐದನೆಯದು, ಕಾಗದ ಪತ್ರಗಳು. ನಮ್ಮ ಭಾಗ ಮುಂಬಯಿ ಇಲಾಖೆಯ ಕೆಳಗಿದ್ದುದರಿಂದ ಆ ಕಾಲದ ದಫ್ತರುಗಳು ಬಹಳಷ್ಟು ಮುಂಬಯಿಯಲ್ಲಿವೆ. 1948ರಲ್ಲಿ ಸಂಸ್ಥಾನಗಳು ವಿಲೀನವಾದವು, 1956ರಲ್ಲಿ ನಾವು ಕನ್ನಡ ರಾಜ್ಯಕ್ಕೆ ಬಂದೆವು, 1997ರಲ್ಲಿ ಬಾಗಲಕೋಟೆ ಜಿಲ್ಲೆಯಾಯಿತು. ನಾವು ಬಂದೆವು, ನಮ್ಮ ದಫ್ತರು ಬರಲಿಲ್ಲ. ರಾಜ್ಯ ಪತ್ರಾಗಾರ ಇಲಾಖೆ ಅವುಗಳ ನಕಲುಗಳನ್ನು ತರಿಸಿ ಜಿಲ್ಲೆಯಲ್ಲಿಡಬೇಕು. ಅದಕ್ಕಿಂತ ತುರ್ತಾದ ಮಾತೊಂದಿದೆ. ಆಲಮಟ್ಟಿಯ ಹಿನ್ನೀರಿಗೆ ಬೀಳಗಿ, ಬಾಗಲಕೋಟೆ ತಾಲೂಕುಗಳ ಹಳ್ಳಿಗಳು ಮುಳುಗಿದಾಗ ಮನೆಗಳ ಸಂಗಡ ಕೀರ್ದಿ-ಖಾತೆ ವಹಿಗಳು, ಸಾರಾಯದ ಪಾವತಿಗಳು, ಹಳೆಯ ಪತ್ರಗಳು ಎಷ್ಟು ಹೋದವೋ! ಉಳಿದವು ಪುನರ್ವಸತಿ ಕೇಂದ್ರಗಳ ಅಟ್ಟಗಳಲ್ಲಿ ಗೆದ್ದಲು ತಿನ್ನುತ್ತಿವೆ. ಅವುಗಳ ಚಿತ್ರ ತೆಗೆದು ಮಾಲಕರಿಗೆ ಮರಳಿ ಕೊಡುವ ಕೆಲಸ ಈ ವರುಷವೇ ಆರಂಭವಾಗಬೇಕು.

ಕೊನೆಯದಾಗಿ, ಈ ಕೆಲಸವನ್ನು ನೋಡಿಕೊಳ್ಳುವ ಸಮಿತಿಯಲ್ಲಿ ನೇಕಾರರು, ಕಾರಖಾನೆಯ ಮಜೂರರು, ಚಿಕ್ಕ ವ್ಯಾಪಾರಿಗಳು, ಶಿಕ್ಷಕರು, ಹೆಣ್ಣುಮಕ್ಕಳು ಇರಬೇಕು. ಬರಿಯ ಅಧಿಕಾರಿಗಳು ಮತ್ತು ಚುನಾವಣೆಗೆ ನಿಲ್ಲುವವರು ಇದ್ದರೆ ವಸ್ತುಸಂಗ್ರಹಾಲಯವೂ ಇನ್ನೊಂದು ಕಟ್ಟಡದ ಗುತ್ತಿಗೆಯಾಗಿ ಮುಗಿಯುತ್ತದೆ.

ಸಿಹಿಯೊಂದನ್ನೇ ಹೇಳಬಾರದು

ಇಲ್ಲಿ ನಮ್ಮವರಿಗೂ ಒಂದು ಎಚ್ಚರಿಕೆಯ ಮಾತು ಹೇಳಬೇಕಾಗಿದೆ. ಹಲಗಲಿಯವರನ್ನು ಒಂದು ಜಾತಿಯ ವೀರರನ್ನಾಗಿ ಮಾಡಿ, ಕಿತ್ತೂರಿನವರನ್ನು ಇನ್ನೊಂದು ಜಾತಿಯ ವೀರರನ್ನಾಗಿ ಮಾಡಿ ಹಂಚಿಕೊಳ್ಳುವ ಚಟ ಬೆಳೆಯುತ್ತಿದೆ. ಬೇಡ ಸಮಾಜದ ಅಭಿಮಾನ ನ್ಯಾಯವಾದದ್ದು; ಅದನ್ನು ಮತಪೆಟ್ಟಿಗೆಗೆ ಹಾದಿ ಮಾಡಿಕೊಳ್ಳುವವರ ಲೆಕ್ಕಾಚಾರ ನ್ಯಾಯವಾದದ್ದಲ್ಲ. ಹಾಗೆಯೇ ಸಂಸ್ಥಾನಿಕರ ಅರಮನೆ, ಪಲ್ಲಕ್ಕಿ, ಪೇಟಗಳನ್ನು ಕಂಡು ಕಣ್ಣರಳಿಸಿ ಬಂದರೆ ಸಾಲದು. ನರಗುಂದದ ಭಾಸ್ಕರರಾವ ಭಾವೆ 1858ರಲ್ಲಿ ಬಂಡಾಯವೆದ್ದು ಬೆಳಗಾವಿಯಲ್ಲಿ ಗಲ್ಲಿಗೇರಿದನು, ಅಂಥವರೂ ಇದ್ದರು. ಗಾದಿ ಉಳಿದರೆ ಸಾಕೆಂದು ಸುಮ್ಮನಿದ್ದವರೂ ಇದ್ದರು. ಎರಡನ್ನೂ ಬರೆಯಬೇಕು. ಸಾಲ ಕೊಟ್ಟು ಹೊಲ ಬರೆಸಿಕೊಂಡ ಸಾವಕಾರ ಪರದೇಶದವನಲ್ಲ, ನಮ್ಮವನೇ ಎಂಬುದನ್ನೂ ಬರೆಯಬೇಕು.

ಇಂಗ್ಲಂಡದ ಜನರ ಮೇಲೆ ದ್ವೇಷ ಕಲಿಸುವುದಂತೂ ನಮ್ಮ ಉದ್ದೇಶವಲ್ಲ. 1931ರ ಸಪ್ಟೆಂಬರದಲ್ಲಿ ಗಾಂಧೀಜಿ ಲ್ಯಾಂಕಶಾಯರಿಗೆ ಹೋದರು. ಪರದೇಶಿ ಬಟ್ಟೆಯ ಬಹಿಷ್ಕಾರದಿಂದ ಅಲ್ಲಿಯ ಮಜೂರರಿಗೂ ಕೆಲಸ ಹೋಗಿದ್ದ ಕಾಲ ಅದು. ಆದರೂ ಡಾರ್ವೆನ್ ಊರಿನ ಗಿರಣಿಯ ಹೆಣ್ಣುಮಕ್ಕಳು ಅವರನ್ನು ಸುತ್ತುವರಿದು ಜಯಘೋಷ ಮಾಡಿದರು. ಆ ಚಿತ್ರ ಜಗತ್ತೆಲ್ಲ ಹರಡಿತು. ನಮ್ಮ ಮಗ್ಗದ ಕೋಣೆಯಲ್ಲಿ ಆ ಚಿತ್ರವೂ ಇರಬೇಕು. ಗುಲಾಮರ ವ್ಯಾಪಾರದಿಂದ ಶ್ರೀಮಂತವಾದ ಲಿವರಪೂಲ ಬಂದರವನ್ನೇ ನೋಡಿರಿ. ಹಿಂದುಸ್ತಾನದ ಹತ್ತಿಯೂ ಇಳಿಯುತ್ತಿದ್ದ ಬಂದರವದು. 2007ರಲ್ಲಿ ಆ ಊರು ತನ್ನ ಹಡಗುಕಟ್ಟೆಯಲ್ಲಿಯೇ ಗುಲಾಮಗಿರಿಯ ವಸ್ತುಸಂಗ್ರಹಾಲಯವನ್ನು ತೆರೆಯಿತು. ಅನ್ಯಾಯದಿಂದ ಗಳಿಸಿದ ಊರೇ ತನ್ನ ಪಾಪದ ಲೆಕ್ಕವನ್ನು ಮಕ್ಕಳ ಮುಂದಿಡುವ ಧೈರ್ಯ ಮಾಡಿದಾಗ, ಅನ್ಯಾಯವನ್ನು ಉಂಡ ಊರುಗಳಾದ ನಮಗೆ ಹಿಂಜರಿಕೆಯೇಕೆ?

ಕೊನೆಯ ಮಾತು

ಈಗ ಮೊದಲು ಹೇಳಿದ ಪ್ರಶ್ನೆಗೆ ಬರುತ್ತೇವೆ. ನೂಲಿನ ದರ ಸುಡುತ್ತಿರುವಾಗ ವಸ್ತುಸಂಗ್ರಹಾಲಯದ ಮಾತೇಕೆ?

ನೂಲಿನ ದರವನ್ನು ಕಟ್ಟುವವನು ಎಲ್ಲಿಯೋ ದೂರದಲ್ಲಿ ಕುಳಿತಿದ್ದಾನೆ, ಅವನ ಕೈಗೆ ನಮ್ಮ ಬಟ್ಟೆಯ ಲೆಕ್ಕವೆಲ್ಲ ಇದೆ, ನಮ್ಮ ಕೈಗೆ ಅವನ ಲೆಕ್ಕವಿಲ್ಲ. ಇದು ಹೊಸ ರೋಗವಲ್ಲ. 1866ರ ಆ ಹದಿನೆಂಟು ಸಂಪುಟಗಳನ್ನು ನೋಡಿದವನು ಇದನ್ನು ಕೂಡಲೇ ಗುರುತಿಸುತ್ತಾನೆ. ಗುರುತಿಸದವನು, ‘ನಮ್ಮ ಹಣೆಬರಹ’ ಎಂದು ಮಗ್ಗವನ್ನು ಮಾರಿ ಊರು ಬಿಡುತ್ತಾನೆ. ಹಣೆಬರಹವೆಂದು ತಿಳಿದದ್ದು ಮನುಷ್ಯರು ಮಾಡಿದ ಏರ್ಪಾಡೆಂದು ಕಲಿಸುವುದೇ ಇತಿಹಾಸದ ಕೆಲಸ. ಮನುಷ್ಯರು ಮಾಡಿದ್ದನ್ನು ಮನುಷ್ಯರು ಬದಲಿಸಬಹುದೆಂದು ಮುಂಬಯಿಯ ಮಜೂರರು 1925ರಲ್ಲಿ ತೋರಿಸಿದರು. ಹಾಗಿರುವಾಗ ಈ ಬೇಡಿಕೆ ಸಂಘದ ಕೆಲಸದ ಹೊರಗಿನದಲ್ಲ, ಒಳಗಿನದು.

ಸರಕಾರದ ದಾರಿ ಕಾಯುತ್ತ ಕೂಡ್ರುವುದೂ ಬೇಡ. ವಾಚಕರು ತಮ್ಮ ಮನೆಯ ಅಟ್ಟವನ್ನೊಮ್ಮೆ ಹತ್ತಿ ನೋಡಲಿ. ಅಜ್ಜನ ಲಾಳಿ, ಅಜ್ಜಿಯ ರಾಟಿ, ಸಂಸ್ಥಾನದ ಕಾಲದ ಪಾವತಿ, ಹರತಾಳದ ಕರಪತ್ರ, ಏನೇ ಸಿಕ್ಕರೂ ರದ್ದಿಗೆ ಹಾಕಬೇಡಿರಿ. ಹಳೆಯ ಲಾವಣಿ ಬಲ್ಲ ಹಿರಿಯರು ಓಣಿಯಲ್ಲಿದ್ದರೆ ಮೊಮ್ಮಕ್ಕಳ ಮೋಬೈಲಿನಲ್ಲಿಯಾದರೂ ಹಾಡಿಸಿ ಇಡಿರಿ. ಮಜೂರ ಸಂಘಗಳೂ ವ್ಯಾಪಾರಿ ಸಂಘಗಳೂ ನಾಲ್ಕೂ ಊರುಗಳ ನಗರಸಭೆ, ಪಟ್ಟಣ ಪಂಚಾಯತಿಗಳ ಮುಂದೆ ಈ ಬೇಡಿಕೆಗಳನ್ನು ಲಿಖಿತವಾಗಿ ಇಡಲಿ. ಒಂದು ಕೋಣೆ, ಒಂದು ಗಾಡಿ, ನಾಲ್ಕು ಪೆಟ್ಟಿಗೆ ನಾವು ಕೇಳುತ್ತಿರುವುದು, ಅರಮನೆಯನ್ನಲ್ಲ.

ಬನಹಟ್ಟಿಯ ಆ ಹುಡುಗ ಒಂದು ದಿನ ಹಲಗಲಿಯ ಹಾದಿ ಹಿಡಿದು ಹೋಗಿ ಬರಬೇಕು. ಹಲಗಲಿಯ ಹುಡುಗ ಬನಹಟ್ಟಿಗೆ ಬಂದು ಲಾಳಿಯನ್ನು ಕೈಯಲ್ಲಿ ಹಿಡಿದು ನೋಡಬೇಕು. ಆಮೇಲೆ ಯಾರಾದರೂ ‘ಹಲಗಲಿ ಎಲ್ಲೈತಪಾ?’ ಎಂದು ಕೇಳಿದರೆ ಅವನು ಪುಸ್ತಕವನ್ನಲ್ಲ, ದಿಕ್ಕನ್ನು ತೋರಿಸುತ್ತಾನೆ.